ಪ್ರತಿಕೃತಿಯೂ ಭಾವಚಿತ್ರಾಭ್ಯಾಸವೂ

ಪ್ರಾಚೀನ ಚಿತ್ರಾಚಾರ್ಯರ ಕೃತಿಗಳನ್ನು ಪ್ರತಿಮಾಡುತ್ತ ತೈಲವರ್ಣದ ಭಾವಚಿತ್ರಕಲೆಯನ್ನು ಕಲಿಯುವ ಪದ್ಧತಿಯು ಯುರೋಪಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. 1793ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ಯಾರಿಸಿನ ಲೂವ್ರ್ ಚಿತ್ರಶಾಲೆಯಲ್ಲಿ ಅನುಮತಿ ಪಡೆದವರು ಇಂದಿಗೂ ಮೂಲಚಿತ್ರದ ಮುಂದೆಯೇ ನಿಂತು ಪ್ರತಿಮಾಡಬಹುದು. ಪ್ರತಿಯ ಅಳತೆ ಮಾತ್ರ ಮೂಲದ ಅಳತೆಯೇ ಆಗಕೂಡದು. ಆದರೆ ಈ ಅಭ್ಯಾಸದಿಂದ ಕಲಿಯುವವನಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬ ವಿಚಾರದಲ್ಲಿ ಬಲ್ಲವರಲ್ಲಿಯೂ ಐಕಮತ್ಯವಿಲ್ಲ.

ಆಕ್ಷೇಪಿಸಿದವರಲ್ಲಿ ಮುಖ್ಯನು ಸರ್ ಜೋಷುವಾ ರೆನಾಲ್ಡ್ಸ್. ಲಂಡನಿನ ರಾಯಲ್ ಅಕಾಡೆಮಿಯ ಪ್ರಥಮಾಧ್ಯಕ್ಷನಾದ ಆತನು 1769ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಮಾಡಿದ ಎರಡನೆಯ ಉಪನ್ಯಾಸದಲ್ಲಿ, ಇಡೀ ಚಿತ್ರವನ್ನು ಪ್ರತಿಮಾಡುವುದು ಪರಿಶ್ರಮದಂತೆ ತೋರಿ ವಂಚಿಸುವ ಕೆಲಸವೆಂದು ಎಚ್ಚರಿಸಿದನು. ಹೆಚ್ಚೆಂದರೆ ವರ್ಣಪ್ರಯೋಗವನ್ನು ಕಲಿಯಲು ಅದರಿಂದ ಸಹಾಯವಾಗಬಹುದೆಂದು ಅರೆಮನಸ್ಸಿನಿಂದ ಒಪ್ಪಿದನು. ಅದಕ್ಕೆ ಬದಲಾಗಿ ಆತನು ಸೂಚಿಸಿದ ಉಪಾಯವು ಉತ್ತಮವಾದುದು: ಆಚಾರ್ಯನ ಚಿತ್ರಕ್ಕೆ ಜೊತೆಯಾಗಬಲ್ಲ ಬೇರೊಂದು ಚಿತ್ರವನ್ನು ಸ್ವತಃ ರಚಿಸಿ, ಎರಡನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಬೇಕು. ಇಷ್ಟು ಹೇಳಿದ ರೆನಾಲ್ಡ್ಸನೇ ವೆನಿಸ್ಸಿನ ಆಚಾರ್ಯರ ವರ್ಣರಹಸ್ಯವನ್ನು ಬಹುಕಾಲ ಅರಸಿ, ಬಾಳದ ಬಣ್ಣಗಳನ್ನು ಬಳಸಿದುದರಿಂದ, ಆತನ ಹಲವು ಭಾವಚಿತ್ರಗಳ ಮುಖಕಾಂತಿಯು ಆತನ ಜೀವಿತಕಾಲದಲ್ಲಿಯೇ ಮಾಸಿಹೋಯಿತು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದೇ ಸಮಸ್ಯೆಯು ಬೇರೊಂದು ಮುಖದಿಂದ ಚರ್ಚಿತವಾಗಿದೆ. ಒಬ್ಬ ಕವಿಯ ಉಕ್ತಿಯು ಮತ್ತೊಬ್ಬನದನ್ನು ಹೋಲುವುದನ್ನು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಸಂವಾದವೆಂದು ಕರೆದು, ಪ್ರತಿಬಿಂಬದಂತೆ, ಆಲೇಖ್ಯದಂತೆ, ತುಲ್ಯದೇಹಿಯಂತೆ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲೆರಡು ತ್ಯಾಜ್ಯ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತೆ, ಹೋಲಿಕೆಯಿದ್ದೂ ಪ್ರತ್ಯೇಕವಾದ ಜೀವವುಳ್ಳ ಮೂರನೆಯದು ಗ್ರಾಹ್ಯ. ಚಿತ್ರವನ್ನೇ ತ್ಯಾಜ್ಯಕ್ಕೆ ಉಪಮಾನವಾಗಿಸಿದುದು ಚಿತ್ರಕಾರರಿಗೆ ಹಿತವಾಗಲಾರದು. ಆದರೂ ಈ ವಿಭಾಗವು ಅವರ ಕೃತಿಗಳಿಗೂ ಚೆನ್ನಾಗಿ ಅನ್ವಯಿಸುತ್ತದೆ.

ಭಾವಚಿತ್ರದ ಪ್ರತಿಯಲ್ಲಿ ವಿಶೇಷವಾದ ತೊಡಕೊಂದುಂಟು. ಮೂಲಚಿತ್ರಕಾರನ ಮುಂದೆ ಉಸಿರಾಡುವ ವ್ಯಕ್ತಿಯಿದ್ದನು. ಬೆಳಕು ಬದಲಾಗುತ್ತಿತ್ತು, ಮುಖಭಾವವು ಚಲಿಸುತ್ತಿತ್ತು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆತನೇ ನಿರ್ಣಯಿಸಬೇಕಾಗಿತ್ತು. ಪ್ರತಿಕಾರನಿಗೆ ದೊರೆಯುವುದು ಆ ನಿರ್ಣಯದ ಫಲ ಮಾತ್ರ. ಆದುದರಿಂದ ಸಾದೃಶ್ಯಸಾಧನೆಯ ಶಕ್ತಿಯು ಪ್ರತಿಯಿಂದ ಬರತಕ್ಕದ್ದಲ್ಲ. ಬರತಕ್ಕದ್ದು ಕಾರ್ಯಕ್ರಮದ ಜ್ಞಾನ. ಟಿಷಿಯನ್ನನ ಚಿತ್ರದಲ್ಲಿ ಮೈಬಣ್ಣವು ಒಂದೇ ಲೇಪದಿಂದಾದುದಲ್ಲ. ಕೆಳಗೆ ಹಿನ್ನೆಲೆಯ ಬಣ್ಣ, ಅದರ ಮೇಲೆ ಗಟ್ಟಿಯಾದ ತಿಳಿಬಣ್ಣ, ಅದು ಒಣಗಿದ ತರುವಾಯ ಎಣ್ಣೆಯಲ್ಲಿ ತೆಳುವಾಗಿ ಕಲಸಿದ ಪಾರದರ್ಶಕವಾದ ಲೇಪಗಳು. ಕಣ್ಣಿಗೆ ಕಂಡ ಬಣ್ಣವನ್ನು ಹಲಗೆಯ ಮೇಲೆ ಬೆರಸಿ ಒಮ್ಮೆಗೇ ಹಚ್ಚುವವನಿಗೆ ಆ ಕಾಂತಿಯು ಸಿದ್ಧಿಸದು. ಸಿದ್ಧಿಸದೆ ಹೋದಾಗ ಆತನು ಕಾರಣವನ್ನು ಹುಡುಕಬೇಕಾಗುತ್ತದೆ. ಯಾವ ಲೇಪವು ಮೊದಲು, ಯಾವುದು ಅನಂತರ ಎಂದು ಊಹಿಸಬೇಕಾಗುತ್ತದೆ. ರೆನಾಲ್ಡ್ಸನ ಆಕ್ಷೇಪವು ಮೇಲ್ಮೈಯನ್ನು ಮಾತ್ರ ಅನುಕರಿಸುವವನಿಗೆ ಸಲ್ಲುವುದೇ ಹೊರತು ಇಂಥವನಿಗೆ ಸಲ್ಲದು.

ರೂಬೆನ್ಸನು ರಾಜಕಾರ್ಯಕ್ಕಾಗಿ 1628ರಲ್ಲಿ ಮ್ಯಾಡ್ರಿಡ್ಡಿಗೆ ಹೋದಾಗ ಐವತ್ತು ವರ್ಷ ದಾಟಿದವನು, ಯುರೋಪಿನಲ್ಲೆಲ್ಲ ಹೆಸರಾದವನು. ಅಂಥವನು ಅಲ್ಲಿನ ಅರಸನ ಸಂಗ್ರಹದಲ್ಲಿದ್ದ ಟಿಷಿಯನ್ನನ ಚಿತ್ರಗಳನ್ನು ವಿದ್ಯಾರ್ಥಿಯಂತೆ ಪ್ರತಿಮಾಡಿದನು. ಅವುಗಳಲ್ಲಿ ಆದಾಮ ಮತ್ತು ಈವರ ಚಿತ್ರದ ಮೂಲವೂ ಪ್ರತಿಯೂ ಪ್ರಾದೋ ಚಿತ್ರಶಾಲೆಯಲ್ಲಿವೆ. ಪ್ರತಿಯಲ್ಲಿ ಆದಾಮನು ಮುಂದಕ್ಕೆ ಬಾಗಿದ್ದಾನೆ, ಆತನ ಮೈಕಟ್ಟು ಬಲಿತಿದೆ. ಮೂಲದಲ್ಲಿಲ್ಲದ ಗಿಣಿಯೊಂದು ಮರದಲ್ಲಿ ಬಂದು ಕುಳಿತಿದೆ! ಇದು ಭಾವಚಿತ್ರವಲ್ಲ, ನಿಜ. ಆದರೆ ವಿಯೆನ್ನಾದಲ್ಲಿರುವ ಇಸಬೆಲ್ಲಾ ದೆಸ್ತೆಯ ಕೆಂಪುಡುಪಿನ ಭಾವಚಿತ್ರವೂ ಟಿಷಿಯನ್ನನ ಕೃತಿಗೆ ರೂಬೆನ್ಸನು ಮಾಡಿದ ಪ್ರತಿಯೇ. ಮೂಲವು ನಷ್ಟವಾಗಿದೆ, ಅದರಲ್ಲಿ ಎಷ್ಟು ಟಿಷಿಯನ್ನನದು, ಎಷ್ಟು ರೂಬೆನ್ಸನದು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ದಾಖಲೆಯ ದೃಷ್ಟಿಯಿಂದ ಇದು ಕೊರತೆ. ಅಭ್ಯಾಸದ ದೃಷ್ಟಿಯಿಂದ ಇದೇ ತುಲ್ಯದೇಹಿ.

ಈಚಿನ ನಿದರ್ಶನವು ಜಾನ್ ಸಿಂಗರ್ ಸಾರ್ಜೆಂಟನದು. ಪ್ಯಾರಿಸಿನಲ್ಲಿ ಕರೋಲುಸ್ ದ್ಯುರಾನನ ಬಳಿ ಕಲಿತ ಈ ಅಮೆರಿಕನ್ ಚಿತ್ರಕಾರನು 1879ರಲ್ಲಿ ಪ್ರಾದೋದಲ್ಲಿ ವೆಲಾಸ್ಕೆಸನ ಚಿತ್ರಗಳನ್ನೂ, ಮರುವರ್ಷ ಹಾರ್ಲೆಮಿನಲ್ಲಿ ಫ್ರಾನ್ಸ್ ಹಾಲ್ಸನ ಚಿತ್ರಗಳನ್ನೂ ಪ್ರತಿಮಾಡಿದನು. ವೆಲಾಸ್ಕೆಸನ 1656ರ ಲಾಸ್ ಮೆನೀನಾಸ್ ಅವುಗಳಲ್ಲೊಂದು. 1882ರಲ್ಲಿ ಸಾರ್ಜೆಂಟನು ಬಾಯ್ಟ್ ಮನೆತನದ ನಾಲ್ವರು ಹೆಣ್ಣುಮಕ್ಕಳ ಭಾವಚಿತ್ರವನ್ನು ಬರೆದಾಗ ಈ ಅಭ್ಯಾಸದ ಫಲವು ಕಂಡುಬಂದಿತು. ಸ್ಪೇನಿನ ರಾಜಕುಮಾರಿಯ ಮುಖವಾಗಲಿ ಭಂಗಿಯಾಗಲಿ ಅಲ್ಲಿಲ್ಲ. ಇರುವುದು ಆಳವಾದ ಕತ್ತಲು, ಅದರೊಳಗೆ ಮಿನುಗುವ ಕನ್ನಡಿ, ಬೆಳಕಿಗೆ ಸಿಕ್ಕ ಬಿಳಿಯ ಉಡುಪುಗಳು, ಮಕ್ಕಳ ನಡುವೆ ಬರಿದಾಗಿ ಬಿಟ್ಟ ನೆಲ. ಹಿಂದಿನ ಮಬ್ಬಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬಳು ಎತ್ತರವಾದ ಜಪಾನೀ ಹೂದಾನಿಗೆ ಒರಗಿ ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದಾಳೆ. ಆಕೆಯ ಚಹರೆಯು ನೋಡುವವರಿಗೆ ಸ್ಪಷ್ಟವಾಗಿ ಸಿಕ್ಕುವುದೇ ಇಲ್ಲ. ಭಾವಚಿತ್ರದಲ್ಲಿ ಮುಖವನ್ನೇ ನೆರಳಿಗೆ ಒಪ್ಪಿಸುವ ಈ ಧೈರ್ಯವು, ದೊರೆಯನ್ನೂ ರಾಣಿಯನ್ನೂ ಮಸುಕುಗನ್ನಡಿಯ ಬಿಂಬವಾಗಿಸಿದ ಚಿತ್ರವನ್ನು ಮೂರು ವರ್ಷಗಳ ಹಿಂದೆ ಕೈಯಾರೆ ಪ್ರತಿಮಾಡಿದವನದು.