ಆತುರನ ಜ್ಞಾಪಕತ್ವ

ವೈದ್ಯಸಂಶೋಧನೆಯಲ್ಲಿ ರೋಗಿಗಳನ್ನು ಪರೀಕ್ಷಾವಸ್ತುಗಳೆಂದು ಎಣಿಸದೆ ಸಹಭಾಗಿಗಳನ್ನಾಗಿ ಸೇರಿಸಿಕೊಳ್ಳಬೇಕೆಂಬ ವಾದವು ಈಚೆಗೆ ಪ್ರಬಲವಾಗಿದೆ. ಇದಕ್ಕೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿಯೇ ಆಧಾರವುಂಟೆಂದು ಕೆಲವರು ಹೇಳುವರು. ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕನು ಹೇಳಿರುವುದೇ ಅವರ ಪ್ರಮಾಣ. ಈ ಪ್ರಮಾಣವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ರೋಗಿಗೆ ಹೇಳಿರುವ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬ ನಾಲ್ಕು. ಸುಶ್ರುತನ ಸೂತ್ರಸ್ಥಾನದ 34ನೆಯ ಅಧ್ಯಾಯದಲ್ಲಾದರೋ ರೋಗಿಯು ದ್ರವ್ಯವಂತನೂ ವೈದ್ಯನ ಮಾತಿನಂತೆ ನಡೆಯುವವನೂ ಆಗಿರಬೇಕು. ಜ್ಞಾಪಕತ್ವದ ಹೆಸರೇ ಅಲ್ಲಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿ ಜ್ಞಾಪಕತ್ವವನ್ನು ಉಳಿಸಿಕೊಂಡರೂ ಧನಿಕನಾಗಿರುವುದನ್ನೂ ವೈದ್ಯನಿಗೆ ವಶನಾಗಿರುವುದನ್ನೂ ಅದರೊಡನೆ ಸೇರಿಸಿರುವನು. ಮೂವರಲ್ಲಿ ಚರಕನೊಬ್ಬನೇ ರೋಗಿಯಿಂದ ಹಣವನ್ನು ಕೇಳದೆ ತಿಳಿವಳಿಕೆಯನ್ನು ಕೇಳಿದನೆಂಬುದು ಗಮನಾರ್ಹ.

ಆದರೂ ಪೂರ್ವಪಕ್ಷವನ್ನು ಮರೆಮಾಡಲಾಗದು. ಅದೇ ಅಧ್ಯಾಯದಲ್ಲಿ ವೈದ್ಯನೇ ಪ್ರಧಾನನೆಂದು ಹೇಳಿ, ಅಡಿಗೆಯವನಿಗೆ ಪಾತ್ರೆ, ಸೌದೆ, ಬೆಂಕಿಗಳು ಹೇಗೋ ವೈದ್ಯನಿಗೆ ಉಳಿದ ಮೂರು ಪಾದಗಳು ಹಾಗೆಂದು ದೃಷ್ಟಾಂತವನ್ನು ಕೊಟ್ಟಿದೆ. ಪಾತ್ರೆಯು ಅಡಿಗೆಗೆ ಬೇಕಾದುದು ನಿಜ. ಆದರೆ ಏನನ್ನು ಬೇಯಿಸಬೇಕೆಂದು ಪಾತ್ರೆಯನ್ನು ಯಾರೂ ಕೇಳುವುದಿಲ್ಲ. ಆದುದರಿಂದ ಪಾದತ್ವದಿಂದ ಸಹಭಾಗಿತ್ವವು ಸಿದ್ಧಿಸದು.

ಇದಕ್ಕಿಂತ ದೃಢವಾದ ಆಧಾರವು ವಿಮಾನಸ್ಥಾನದ 4ನೆಯ ಅಧ್ಯಾಯದಲ್ಲಿರುವುದು. ಕೋಷ್ಠದ ಮೃದುತ್ವ ಕಾಠಿಣ್ಯಗಳು, ಕನಸು, ಇಷ್ಟಾನಿಷ್ಟಗಳು, ಸುಖದುಃಖಗಳು, ಇವನ್ನು ರೋಗಿಯನ್ನು ಕೇಳಿಯೇ ತಿಳಿಯಬೇಕೆಂದು ಅಲ್ಲಿ ಅವಧಾರಣಪೂರ್ವಕವಾಗಿ ಹೇಳಿದೆ. ಆ ಏವಕಾರವೇ ನಮ್ಮ ವಾದಕ್ಕೆ ಜೀವಾಳ. ವೈದ್ಯನಿಗೆ ಬೇರೆ ದಾರಿಯಿಂದ ದೊರೆಯದ ಜ್ಞಾನಕ್ಕೆ ರೋಗಿಯೇ ಒಡೆಯನೆಂದಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2000ದ ನೀತಿಸೂಚಿಯ ಹೆಸರಿನಲ್ಲಿ ಮನುಷ್ಯರು ಸಂಶೋಧನೆಯ ವಿಷಯಗಳಾಗಿದ್ದರು. 2006ರ ಆವೃತ್ತಿಯಲ್ಲಿ ಭಾಗಿಗಳಾದರು. ಪದವು ಬದಲಾದುದು ಲೇಸೇ. ಆದರೆ ಪದದೊಡನೆ ಅರ್ಥವೂ ಬದಲಾಯಿತೇ ಎಂದು ಕೇಳಬೇಕಾಗಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಮೂಳೆ ಕೀಲುಗಳ ಬೇನೆಗೆ ಆ ಊರಿನ ಹೆಸರೇ ನಿಂತಿತು. ಊರಿನ ಹೆಸರು ವೈದ್ಯಗ್ರಂಥಗಳನ್ನು ಸೇರುವುದು ಒಂದು, ಊರಿನವರ ಪ್ರಶ್ನೆಯು ಸೇರುವುದು ಬೇರೊಂದು.

ನಮ್ಮ ಹಲಕುಂದಿಯ ಕಡೆ ಸೊಂಟ ಹಿಡಿದ ಕೂಲಿಯಾಳು ತನ್ನ ನೋವಿನ ಹೆಸರನ್ನು ವಿಚಾರಿಸುವುದಿಲ್ಲ. ನಾಳೆ ಮೆಣಸಿನಕಾಯಿ ಬಿಡಿಸಲು ಹೋಗಬಹುದೇ ಎಂದು ವಿಚಾರಿಸುವನು. ಸಂಶೋಧಕನು ನೋವನ್ನು ಅಳೆದು ಈ ಪ್ರಶ್ನೆಯನ್ನು ಬಿಟ್ಟರೆ ಜ್ಞಾಪಕನ ಅರ್ಧಮಾತನ್ನು ಮಾತ್ರ ಕೇಳಿದಂತಾಯಿತು. ಉತ್ತರ ಹೇಳಲು ಮಾತ್ರ ಕರೆಯಲ್ಪಟ್ಟವನು ಸಾಕ್ಷಿ. ಏನನ್ನು ಶೋಧಿಸಬೇಕೆಂದು ನಿಶ್ಚಯಿಸುವಾಗಲೂ ಕರೆಯಲ್ಪಟ್ಟವನೇ ಸಹಭಾಗಿ. ಚರಕನು ಮೊದಲನೆಯದನ್ನು ಸ್ಪಷ್ಟವಾಗಿ ಹೇಳಿರುವನು; ಎರಡನೆಯದನ್ನು ಹೇಳಿಲ್ಲ. ಹೇಳಿರುವನೆಂದು ಸಾಧಿಸಹೊರಡುವುದಕ್ಕಿಂತ, ಅವನು ನಿಲ್ಲಿಸಿದ ಸ್ಥಳದಿಂದ ಮುಂದುವರಿಯುವುದೇ ಶಾಸ್ತ್ರಕ್ಕೆ ಸಲ್ಲಿಸುವ ಗೌರವವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ವಿದ್ವಾಂಸರು ಪರಾಮರ್ಶಿಸಬೇಕು.