ಡಾಪಲ್‌ಬಾಕ್‌ಗೆ ಯಾವ ಯೀಸ್ಟ್, ಎಷ್ಟು ಯೀಸ್ಟ್

ಡಾಪಲ್‌ಬಾಕ್ ಜರ್ಮನಿಯ ಮ್ಯೂನಿಕ್ ನಗರದ ಬಿಯರ್. ಅಲ್ಲಿನ ಪೌಲಾನರ್ ಮಠದ ಸನ್ಯಾಸಿಗಳು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆಂದು 17ನೇ ಶತಮಾನದಲ್ಲಿ ತಯಾರಿಸುತ್ತಿದ್ದ ಗಟ್ಟಿ ಬಿಯರ್ ಇದರ ಮೂಲ. ಆ ಪರಂಪರೆಯ ಸಾಲ್ವಟೋರ್ ಇಂದಿಗೂ ಮಾರುಕಟ್ಟೆಯಲ್ಲಿದೆ. ಮಾಗಿದ ಕಂದುಬಣ್ಣ, ಸುಟ್ಟ ಬ್ರೆಡ್ಡಿನ ಮತ್ತು ಒಣದ್ರಾಕ್ಷಿಯ ರುಚಿ, ಹಾಪ್ಸ್‌ನ ಕಹಿ ತೀರ ಕಡಿಮೆ, ಆಲ್ಕೋಹಾಲ್ ಸಾಮಾನ್ಯವಾಗಿ ಶೇ 7ರಿಂದ 10. ಇಷ್ಟು ಬಲವಿದ್ದೂ ಗಂಟಲಲ್ಲಿ ಉರಿ ಎಬ್ಬಿಸದಿರುವುದೇ ಒಳ್ಳೆಯ ಡಾಪಲ್‌ಬಾಕ್‌ನ ಲಕ್ಷಣ. ಆ ನಯ ಬರುವುದು ಯೀಸ್ಟ್‌ನಿಂದ.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಕ್ಕೆ ಅಮೆರಿಕದ ಒಕ್ಕೂಟ ಕಾನೂನು 1978ರಲ್ಲಿ ಒಪ್ಪಿಗೆ ನೀಡಿತು. ಅಲ್ಲಿ ನೆಲೆಸಿದ ಕನ್ನಡಿಗರು ಇದನ್ನು ನಿರಾತಂಕವಾಗಿ ಮಾಡಿ ನೋಡಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ.

20 ಲೀಟರ್ ಬಿಯರ್‌ಗೆ ಸುಮಾರು 8 ಕಿಲೋ ಮಾಲ್ಟ್ ಬೇಕು. ಅದರಲ್ಲಿ ಹೆಚ್ಚಿನ ಪಾಲು ಮ್ಯೂನಿಕ್ ಮಾಲ್ಟ್ ಇರಲಿ, ಉಳಿದದ್ದು ಪಿಲ್ಸ್‌ನರ್ ಮಾಲ್ಟ್. ಬಣ್ಣಕ್ಕೆಂದು ಕಪ್ಪಗೆ ಹುರಿದ ಮಾಲ್ಟ್ ಸುರಿದರೆ ಕಾಫಿಯ ಕಹಿ ಇಣುಕುತ್ತದೆ. ಈ ಬಿಯರ್‌ಗೆ ಅದು ಸಲ್ಲದು. ಮಾಲ್ಟ್ ನೆನೆಸಿ, ಸೋಸಿ, ಕುದಿಸಿದ ಸಿಹಿ ಕಷಾಯಕ್ಕೆ ವರ್ಟ್ ಎಂದು ಹೆಸರು. ಹೈಡ್ರೋಮೀಟರ್‌ನಲ್ಲಿ ಅದರ ಸಾಂದ್ರತೆ 1.080ರ ಆಸುಪಾಸು ಬರಬೇಕು.

ಡಾಪಲ್‌ಬಾಕ್ ತಂಪಿನಲ್ಲಿ ಹುದುಗುವ ಲಾಗರ್ ಬಗೆಯ ಬಿಯರ್. ಅದನ್ನು ಹುದುಗಿಸುವ ಲಾಗರ್ ಯೀಸ್ಟ್ ಎರಡು ಜಾತಿಗಳ ಮಿಶ್ರತಳಿ. ಒಂದು, ಬ್ರೆಡ್ಡು ಮತ್ತು ಏಲ್ ಬಿಯರ್ ಹುದುಗಿಸುವ ಪರಿಚಿತ ಯೀಸ್ಟ್. ಇನ್ನೊಂದು, ಚಳಿ ತಾಳುವ ಕಾಡು ಯೀಸ್ಟ್. ಪ್ಯಾಟಗೋನಿಯಾದ ಬೀಚ್ ಮರದ ಕಾಡುಗಳಲ್ಲಿ ಅದು ಸಿಕ್ಕ ಸುದ್ದಿ 2011ರಲ್ಲಿ ಪ್ರಕಟವಾಯಿತು. ಒಂದೇ ಕೋಶದಿಂದ ಶುದ್ಧ ಲಾಗರ್ ಯೀಸ್ಟ್ ಬೆಳೆಸುವ ವಿಧಾನವನ್ನು ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರೂಪಿಸಿದರು. ಇಂದು ಹವ್ಯಾಸಿಗಳ ಕೈಗೆ ಸಿಗುವ ಪ್ರತಿ ತಳಿಯೂ ಆ ಕೆಲಸದ ಫಲ.

ಅವುಗಳಲ್ಲಿ ಡಾಪಲ್‌ಬಾಕ್‌ಗೆ ಒಗ್ಗುವವು ಕೆಲವೇ. ವೈಯೀಸ್ಟ್ ಕಂಪನಿಯ 2206 ಮತ್ತು ವೈಟ್ ಲ್ಯಾಬ್ಸ್ ಕಂಪನಿಯ 833 ಸಕ್ಕರೆಯಲ್ಲಿ ಮುಕ್ಕಾಲು ಪಾಲನ್ನು ತಿಂದು ನಿಲ್ಲುತ್ತವೆ, 1.080ರ ವರ್ಟ್ 1.020ರ ಹತ್ತಿರ ಬಂದು ತಂಗುತ್ತದೆ. ಮಾಲ್ಟ್‌ನ ತುಂಬುತನ ಉಳಿಯುವುದು ಹೀಗೆ. ಒಣ ಪುಡಿಯಾಗಿ ಸಿಗುವ ಡಬ್ಲ್ಯೂ-34/70 ವೈಹೆನ್‌ಸ್ಟೆಫಾನ್ ಮೂಲದ, ಲೋಕದಲ್ಲೆಲ್ಲ ಬಳಕೆಯಲ್ಲಿರುವ ನೆಚ್ಚಿನ ತಳಿ. ಅದು ಇನ್ನಷ್ಟು ಸಕ್ಕರೆ ತಿನ್ನುವುದರಿಂದ ಬಿಯರ್ ತುಸು ಒಣಗುತ್ತದೆ. ಮಾಲ್ಟ್ ನೆನೆಸುವ ಉಷ್ಣತೆಯನ್ನು 68 ಡಿಗ್ರಿಗೆ ಏರಿಸಿ ಅದನ್ನು ಸರಿದೂಗಿಸಬಹುದು. ಎಸ್-189 ಸ್ವಿಟ್ಜರ್ಲೆಂಡಿನ ಹ್ಯೂರ್ಲಿಮಾನ್ ಬ್ರುವರಿಯದು. ಶೇ 14ರಷ್ಟು ಆಲ್ಕೋಹಾಲಿನ ಸಾಮಿಕ್ಲಾಸ್ ಹುಟ್ಟಿದ್ದು ಆ ಬ್ರುವರಿಯಲ್ಲೇ. ಬಲವೇ ಮುಖ್ಯ ಎನ್ನುವವರಿಗೆ ಅದು ತಕ್ಕದ್ದು. ಮಾಲ್ಟ್ ಮುಖ್ಯ ಎನ್ನುವವರು 833ನ್ನೇ ಹಿಡಿಯುವುದು ಲೇಸು.

ಆದರೆ ತಳಿಯ ಹೆಸರಿಗಿಂತ ಪ್ರಮಾಣ ದೊಡ್ಡದು. ಹೆಪ್ಪು ಕಡಿಮೆಯಾದರೆ ಮೊಸರು ಕೆಡುವಂತೆ, ಯೀಸ್ಟ್ ಕಡಿಮೆಯಾದ ಲಾಗರ್‌ನಲ್ಲಿ ಗಂಧಕದ ವಾಸನೆಯೂ ಬೇಡದ ಹಣ್ಣಿನ ವಾಸನೆಯೂ ಉಳಿದುಬಿಡುತ್ತವೆ. ಲಾಗರ್‌ಗೆ ರೂಢಿಯ ಲೆಕ್ಕ, ವರ್ಟ್‌ನ ಸಕ್ಕರೆ ಅಳೆಯುವ ಪ್ಲೇಟೊ ಮಾನದ ಪ್ರತಿ ಡಿಗ್ರಿಗೆ ಮಿಲಿಲೀಟರಿಗೆ 15 ಲಕ್ಷ ಕೋಶ. 1.080 ಎಂದರೆ ಹೆಚ್ಚುಕಡಿಮೆ 19 ಡಿಗ್ರಿ ಪ್ಲೇಟೊ. 20 ಲೀಟರಿಗೆ ಒಟ್ಟು ಸುಮಾರು 58,000 ಕೋಟಿ ಕೋಶಗಳಾದವು. ದ್ರವ ಯೀಸ್ಟ್‌ನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು 10,000 ಕೋಟಿ. ಆರು ಪೊಟ್ಟಣ ಕೊಳ್ಳುವ ಬದಲು, ಮೊದಲು ಅದೇ ತಳಿಯಿಂದ ಹೆಲ್ಲೆಸ್‌ನಂಥ ಹಗುರ ಲಾಗರ್ ಮಾಡಿ, ತಳದಲ್ಲಿ ಕೂತ ಮಡ್ಡಿಯನ್ನು ತಾಜಾ ಇರುವಾಗಲೇ ಡಾಪಲ್‌ಬಾಕ್‌ಗೆ ಹಾಕುವುದು ಎಲ್ಲಕ್ಕಿಂತ ಉತ್ತಮ ದಾರಿ. ಗಟ್ಟಿ ಮಡ್ಡಿ ಸುಮಾರು 400 ಮಿಲಿಲೀಟರ್ ಸಾಕು, ಮೇಲಾಗಿ ಕುಡಿಯಲು ಒಂದು ಹೆಲ್ಲೆಸ್ ದಕ್ಕುತ್ತದೆ. ಒಣ ಯೀಸ್ಟ್ ಬಳಸುವವರು 11.5 ಗ್ರಾಂ ಪೊಟ್ಟಣ ಮೂರನ್ನು ಹಾಕಲು ಹಿಂಜರಿಯಬಾರದು.

ವರ್ಟ್ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆಯೇ ಯೀಸ್ಟ್ ಹಾಕಿ, 10 ಡಿಗ್ರಿಯಲ್ಲಿ ಹುದುಗಲು ಬಿಡಬೇಕು. ದ್ರವ ಯೀಸ್ಟ್ ಅಥವಾ ಮಡ್ಡಿಯಾದರೆ ವರ್ಟ್‌ಗೆ ಆಮ್ಲಜನಕವನ್ನು ಧಾರಾಳವಾಗಿ ಊದುವುದು ಅಗತ್ಯ. ಹುದುಗು ಮುಗಿಯುವ ಹೊತ್ತಿಗೆ 16 ಡಿಗ್ರಿಗೆ ಏರಿಸಿ ಮೂರು ದಿನ ಇರಿಸಿದರೆ ಬೆಣ್ಣೆಯ ವಾಸನೆ ತರುವ ಡಯಾಸಿಟೈಲನ್ನು ಯೀಸ್ಟ್ ತಾನೇ ಅರಗಿಸಿಕೊಳ್ಳುತ್ತದೆ. ಪರೀಕ್ಷೆಗೆ ಒಂದು ಲೋಟ ಬಿಯರನ್ನು ಮುಚ್ಚಿ, 60 ಡಿಗ್ರಿಗೆ ಬಿಸಿ ಮಾಡಿ, ಆರಿಸಿ ಮೂಸಬೇಕು. ಬೆಣ್ಣೆ ಹೊಮ್ಮಿದರೆ ಇನ್ನೂ ಕಾಯಬೇಕು. ಆಮೇಲೆ ನಿಧಾನವಾಗಿ ತಣಿಸಿ, 0ಯಿಂದ 2 ಡಿಗ್ರಿಯಲ್ಲಿ ಎರಡು ಮೂರು ತಿಂಗಳು. ಅವಸರ ಮಾಡುವವರಿಗೆ ಈ ಬಿಯರ್ ಒಲಿಯದು.

ಅಷ್ಟು ದೀರ್ಘ ಚಳಿಯ ಬಳಿಕ ಯೀಸ್ಟ್ ಸೊರಗಿರುತ್ತದೆ. ಬಾಟಲಿಗೆ ತುಂಬುವಾಗ ಸಕ್ಕರೆಯ ಜೊತೆ ಚಿಟಿಕೆ ಹೊಸ ಒಣ ಯೀಸ್ಟ್ ಬೆರೆಸಿದರೆ ಗ್ಯಾಸ್ ಸರಿಯಾಗಿ ಏರುತ್ತದೆ.