ದಂಪತಿವಿಭಾಗವೂ ವಿಜ್ಞಾನೇಶ್ವರನ ವ್ಯಾಖ್ಯಾನಸರಣಿಯೂ

ದಂಪತಿಗಳು ಬೇರೆಯಾಗುವಾಗ ಧನವನ್ನೂ ಋಣವನ್ನೂ ಹೇಗೆ ಹಂಚತಕ್ಕದ್ದೆಂಬ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರದಲ್ಲಿ ಉತ್ತರವೇ ಇಲ್ಲವೆಂದು ಹೇಳುವ ವಾಡಿಕೆಯುಂಟು. ಜಾಯಾಪತಿಗಳಿಗೆ ವಿಭಾಗವಿಲ್ಲವೆಂಬ ಆಪಸ್ತಂಬನ ಅಭಿಪ್ರಾಯವನ್ನು ಇದಕ್ಕೆ ಆಧಾರವಾಗಿ ತೋರಿಸುವರು. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ನಮ್ಮ ಕಲ್ಯಾಣಪಟ್ಟಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ಮತವನ್ನು ಒಪ್ಪಿದವನಲ್ಲ. ಅವನ ವ್ಯಾಖ್ಯಾನಸರಣಿಯ ಗುಣದೋಷಗಳನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅವಿಭಕ್ತರಾದ ಸಹೋದರರಿಗೂ ಪಿತಾಪುತ್ರರಿಗೂ ದಂಪತಿಗಳಿಗೂ ಪರಸ್ಪರ ಹೊಣೆ, ಸಾಲ, ಸಾಕ್ಷ್ಯಗಳು ಸಲ್ಲವೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಇಲ್ಲಿ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ: ದಂಪತಿಗಳಿಗೆ ವಿಭಾಗವೇ ಇಲ್ಲದಿದ್ದರೆ ಅವರ ವಿಷಯದಲ್ಲಿ ‘ಅವಿಭಕ್ತ’ವೆಂಬ ವಿಶೇಷಣವು ವ್ಯರ್ಥವಾಗುವುದಲ್ಲವೆ? ವಿಜ್ಞಾನೇಶ್ವರನ ಸಮಾಧಾನವು ಇದು: ಆಪಸ್ತಂಬನು ನಿಷೇಧಿಸಿದ್ದು ಅಗ್ನಿಸಾಧ್ಯವಾದ ಶ್ರೌತಸ್ಮಾರ್ತಕರ್ಮಗಳಲ್ಲಿಯೂ ಅವುಗಳ ಫಲದಲ್ಲಿಯೂ ವಿಭಾಗವನ್ನೇ ಹೊರತು ದ್ರವ್ಯದ ವಿಭಾಗವನ್ನಲ್ಲ. ವಿಶೇಷಣವೊಂದು ನಿರರ್ಥಕವಾಗಬಾರದೆಂಬ ಮೀಮಾಂಸಾನ್ಯಾಯದಿಂದಲೇ ಅವನು ಪತ್ನಿಯ ದ್ರವ್ಯಾಂಶಕ್ಕೆ ಶಾಸ್ತ್ರದಲ್ಲಿ ಎಡೆಯನ್ನು ಮಾಡಿಕೊಟ್ಟನು. ಆದರೆ ಆ ವಿಭಾಗವು ಪತಿಯ ಇಚ್ಛೆಯನ್ನು ಅವಲಂಬಿಸಿದ್ದೆಂದು ಅವನೇ ಹೇಳಿರುವುದನ್ನೂ ಮರೆಯಲಾಗದು. ಬಾಗಿಲನ್ನು ತೆರೆದವನು ಅದರ ಅಗಳಿಯನ್ನು ಪತಿಯ ಕೈಯಲ್ಲಿಯೇ ಬಿಟ್ಟನು.

ಎರಡನೆಯ ಸ್ಥಳವು ಆಧಿವೇದನಿಕದ ಪ್ರಕರಣ. ಪತ್ನಿಯಿರುವಾಗಲೇ ಮತ್ತೊಬ್ಬಳನ್ನು ವಿವಾಹವಾಗುವವನು ಆ ಕಾರ್ಯಕ್ಕೆ ವ್ಯಯಿಸಿದಷ್ಟು ಧನವನ್ನು ಮೊದಲಿನವಳಿಗೂ ಕೊಡಬೇಕು. ಅವಳಿಗೆ ಪತಿಯಿಂದಾಗಲಿ ಮಾವನಿಂದಾಗಲಿ ಸ್ತ್ರೀಧನವು ಮೊದಲೇ ಸಂದಿದ್ದರೆ ‘ಅರ್ಧ’ವನ್ನು ಕೊಡಬೇಕು. ಈ ಅರ್ಧವೆಂಬುದು ಸರಿಪಾಲಲ್ಲವೆಂದೂ, ಹಿಂದೆ ಕೊಟ್ಟದ್ದು ಹೊಸ ವ್ಯಯಕ್ಕೆ ಸಮನಾಗಲು ಎಷ್ಟು ಬೇಕೋ ಅಷ್ಟೆಂದೂ ವಿಜ್ಞಾನೇಶ್ವರನು ಅರ್ಥಮಾಡುತ್ತಾನೆ. ಹೊಸ ವಿವಾಹಕ್ಕೆ 1000 ಪಣಗಳು ವೆಚ್ಚವಾಗಿವೆಯೆಂದು ಇಟ್ಟುಕೊಳ್ಳೋಣ. ಮೊದಲು 200 ಪಣಗಳನ್ನು ಪಡೆದವಳಿಗೆ ಅಕ್ಷರಾರ್ಥದಂತೆ 500 ದೊರೆತು ಒಟ್ಟು 700 ಆಗುತ್ತದೆ. ವಿಜ್ಞಾನೇಶ್ವರನ ಮತದಲ್ಲಿ 800 ದೊರೆತು 1000 ತುಂಬುತ್ತದೆ. ಮೊದಲೇ 700 ಪಡೆದವಳಿಗಾದರೋ ಅಕ್ಷರಾರ್ಥದಿಂದ 500, ಅವನ ಮತದಿಂದ 300. ಆದಕಾರಣ ಈ ವ್ಯಾಖ್ಯಾನವು ಸ್ತ್ರೀಪಕ್ಷಪಾತವೆಂದು ಹೊಗಳುವವರೂ ತೆಗಳುವವರೂ ಲೆಕ್ಕವನ್ನು ಮಾಡಿದವರಲ್ಲ. ವ್ಯಾಖ್ಯಾತೃವು ನೋಡಿದ್ದು ಸಮತ್ವವನ್ನು. ಆಜ್ಞಾಪಾಲಕಳೂ ಗೃಹಕಾರ್ಯದಕ್ಷಳೂ ಪುತ್ರವತಿಯೂ ಪ್ರಿಯವಾದಿನಿಯೂ ಆದ ಪತ್ನಿಯನ್ನು ತ್ಯಜಿಸಿದವನಿಂದ ಧನದ ಮೂರನೆಯ ಒಂದು ಪಾಲನ್ನೂ, ಅವನು ನಿರ್ಧನನಾದರೆ ಜೀವನಾಂಶವನ್ನೂ ಕೊಡಿಸಬೇಕೆಂಬ ಆಚಾರಾಧ್ಯಾಯದ ವಿಧಿಯನ್ನು ಇದರೊಡನೆ ಓದಬೇಕು. ಗುಣಗಳ ಇಷ್ಟು ಉದ್ದದ ಪಟ್ಟಿಯು ವಿಧಿಯ ಕ್ಷೇತ್ರವನ್ನು ಸಂಕೋಚಗೊಳಿಸುವುದೆಂಬ ಆಕ್ಷೇಪಕ್ಕೆ ಮಿತಾಕ್ಷರೆಯಲ್ಲಿ ಪರಿಹಾರವು ಕಾಣದು.

ಋಣದ ವಿಷಯದಲ್ಲಿ ಸ್ಮೃತಿಯ ನಿಲುವು ಇನ್ನೂ ಸ್ಪಷ್ಟವಾಗಿದೆ. ಪತಿಯ ಸಾಲವನ್ನು ಪತ್ನಿಯೂ, ಪತ್ನಿಯ ಸಾಲವನ್ನು ಪತಿಯೂ ತೀರಿಸಬೇಕಾಗಿಲ್ಲ. ಕುಟುಂಬಾರ್ಥವಾಗಿ ಮಾಡಿದ ಸಾಲವು ಮಾತ್ರ ಇದಕ್ಕೆ ಅಪವಾದ. ಅವಳು ತಾನೇ ಒಪ್ಪಿಕೊಂಡದ್ದು, ಪತಿಯೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು, ಈ ಮೂರು ಮಾತ್ರ ಅವಳ ಭಾರ. ಗೋವಳರು, ಮದ್ಯ ಮಾರುವವರು, ನಟರು, ಅಗಸರು, ಬೇಡರು ಇವರ ಪತ್ನಿಯರು ಮಾಡಿದ ಸಾಲವನ್ನು ಪತಿಗಳು ತೀರಿಸಬೇಕೆಂದು ಹೇಳಿ, ಅವರ ವೃತ್ತಿಯು ಸ್ತ್ರೀಯರನ್ನು ಆಶ್ರಯಿಸಿದೆಯೆಂಬ ಹೇತುವನ್ನು ಸ್ಮೃತಿಕಾರನು ಕೊಟ್ಟಿದ್ದಾನೆ. ಹೇತುವನ್ನು ಕೊಟ್ಟಿರುವುದರಿಂದ ಸ್ತ್ರೀಯ ದುಡಿಮೆಯಿಂದ ಜೀವಿಸುವ ಇತರರಿಗೂ ಈ ವಿಧಿಯು ಅನ್ವಯಿಸುವುದೆಂದು ವಿಜ್ಞಾನೇಶ್ವರನು ವಿಸ್ತರಿಸುತ್ತಾನೆ. ಮಿತಾಕ್ಷರೆಯ ಈ ಭಾಗದಲ್ಲಿ ಇದಕ್ಕಿಂತ ಹಿರಿದಾದ ಮಾತಿಲ್ಲವೆಂದು ನಮಗೆ ತೋರುತ್ತದೆ. ಸಾಲದ ಭಾರವನ್ನು ನಿರ್ಣಯಿಸತಕ್ಕದ್ದು ಜಾತಿಯಲ್ಲ, ಪತ್ರದ ಮೇಲಣ ಹೆಸರೂ ಅಲ್ಲ. ಆ ಧನದಿಂದಲೂ ದುಡಿಮೆಯಿಂದಲೂ ಯಾರು ಬಾಳಿದರೆಂಬುದು.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯಾರ್ಥಶಾಸ್ತ್ರದ ಮೋಕ್ಷಪ್ರಕರಣವನ್ನು ಇದರೊಡನೆ ಹೋಲಿಸಿದರೆ ಭೇದವು ತಿಳಿಯುತ್ತದೆ. ಧರ್ಮವಿವಾಹಗಳಿಗೆ ಮೋಕ್ಷವಿಲ್ಲ, ಉಳಿದವುಗಳಲ್ಲಿ ಪರಸ್ಪರದ್ವೇಷದಿಂದ ಮೋಕ್ಷವುಂಟು. ಸ್ತ್ರೀಯ ಅಪರಾಧದಿಂದ ಪುರುಷನು ಮೋಕ್ಷವನ್ನು ಬಯಸಿದರೆ ಅವಳಿಂದ ಪಡೆದದ್ದನ್ನು ಹಿಂತಿರುಗಿಸಬೇಕು. ಪುರುಷನ ಅಪರಾಧದಿಂದ ಸ್ತ್ರೀಯು ಬಯಸಿದರೆ ಅವನು ಹಿಂತಿರುಗಿಸಬೇಕಾಗಿಲ್ಲ. ಎರಡು ಪಕ್ಷದಲ್ಲಿಯೂ ನಷ್ಟವು ಬಿಡುಗಡೆಯನ್ನು ಬೇಡಿದವರ ಮೇಲೆಯೇ ಬೀಳುತ್ತದೆ, ತಪ್ಪುಮಾಡಿದವರ ಮೇಲಲ್ಲ. ಸೂತ್ರಗಳ ರಚನೆಯು ಸಮವಾಗಿದೆ, ಫಲವು ವಿಷಮವಾಗಿದೆ. ನೊಂದ ಸ್ತ್ರೀಯು ಧನವನ್ನು ಕಳೆದುಕೊಂಡೇ ಹೊರಬರಬೇಕು. ಮಿತಾಕ್ಷರೆಯಾದರೋ ಮೋಕ್ಷವನ್ನು ಕೊಡದಿದ್ದರೂ ಧನವನ್ನು ರಕ್ಷಿಸುತ್ತದೆ. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಈ ನಾಲ್ಕರ ಹೊರತು ಪತಿಯು ಬಳಸಿದ ಸ್ತ್ರೀಧನವನ್ನು ಹಿಂತಿರುಗಿಸಲೇಬೇಕು. ಸ್ತ್ರೀಧನವೆಂಬುದು ಪಾರಿಭಾಷಿಕವಲ್ಲ, ಯೌಗಿಕವೆಂದು ಹೇಳಿ, ದಾಯದಿಂದಲೂ ಕ್ರಯದಿಂದಲೂ ಬಂದದ್ದನ್ನೂ ಅದರಲ್ಲಿ ಸೇರಿಸಿದವನು ವಿಜ್ಞಾನೇಶ್ವರನೇ.

ಈ ವಿಚಾರವು ಕೇವಲ ಪುರಾತನವಾದುದಲ್ಲ. 1955ರ ಹಿಂದೂ ವಿವಾಹಶಾಸನವು ಬಹುಪತ್ನೀತ್ವವನ್ನು ನಿಲ್ಲಿಸಿ ವಿಚ್ಛೇದನವನ್ನು ಕೊಟ್ಟಿತು. ಅದರ 25ನೆಯ ವಿಧಿಯು ಜೀವನಾಂಶವನ್ನೂ, 27ನೆಯದು ವಿವಾಹಕಾಲದಲ್ಲಿ ಬಂದು ಇಬ್ಬರಿಗೂ ಸೇರಿದ ಕೊಡುಗೆಗಳನ್ನೂ ಕುರಿತಿವೆ. ಸ್ತ್ರೀಧನವು ಪತ್ನಿಯ ಸ್ವಂತ ಸ್ವತ್ತೆಂದು ಸರ್ವೋಚ್ಚನ್ಯಾಯಾಲಯವು 1985ರ ಪ್ರತಿಭಾರಾಣಿಯ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಆದರೆ ದಾಂಪತ್ಯಕಾಲದಲ್ಲಿ ಬೆಳೆದ ಆಸ್ತಿಯನ್ನೂ ಸಂಸಾರಕ್ಕಾಗಿ ಬೆಳೆದ ಸಾಲವನ್ನೂ ಹಂಚುವ ಸಾಮಾನ್ಯನಿಯಮವು ಆ ಶಾಸನದಲ್ಲಿಲ್ಲ. ಮನೆಯು ಪತಿಯ ಹೆಸರಿನಲ್ಲಿದ್ದು, ಸಾಲಪತ್ರಕ್ಕೆ ಇಬ್ಬರ ಸಹಿಯೂ ಇದ್ದರೆ, ಆಸ್ತಿಯಿಲ್ಲದೆ ಋಣವನ್ನು ಮಾತ್ರ ಹೊತ್ತು ಪತ್ನಿಯು ಹೊರಬರಬೇಕಾದೀತು.

ವಿಜ್ಞಾನೇಶ್ವರನು ವಿಚ್ಛೇದನವನ್ನು ಕುರಿತು ಬರೆದವನಲ್ಲ. ಅವನ ಮಾತನ್ನು ಇಂದಿನ ಶಾಸನವೆಂದು ಹೊರಿಸುವುದು ಅಪಸಿದ್ಧಾಂತವಾದೀತು. ಅವನಿಂದ ನಾವು ಗ್ರಹಿಸಬೇಕಾದದ್ದು ಹೇತುವನ್ನು ಹಿಡಿದು ವಿಧಿಯನ್ನು ವಿಸ್ತರಿಸುವ ಕ್ರಮವನ್ನು. ದುಡಿಮೆಯನ್ನು ಉಂಡವನು ಸಾಲವನ್ನೂ ಹೊರಬೇಕೆಂಬ ಹೇತುವು ಸರಿಯಾದರೆ, ಸಾಲವನ್ನು ಹೊತ್ತವಳು ಅದರಿಂದ ಬೆಳೆದ ಆಸ್ತಿಯಲ್ಲಿಯೂ ಭಾಗಿನಿಯೆಂಬುದು ಅದೇ ಹೇತುವಿನ ಮತ್ತೊಂದು ಮುಖ. ಮಿತಾಕ್ಷರೆಯು ಈ ಎರಡನೆಯ ಮುಖವನ್ನು ಹೇಳದೆ ಬಿಟ್ಟಿತು. ಅದನ್ನು ಹೇಳುವ ಭಾರವು ನಮ್ಮ ಕಾಲದ ನಿಬಂಧಕಾರರದು.